ಹಿತ್ತಾಳೆಯ ಕಂಬ

ಸೆಲ್ವಾಳ ತೋಳುಗಳಲ್ಲಿ ಬಲವಿರಲಿಲ್ಲ. ಉಳಿದದ್ದೆಲ್ಲ ಸುಮಾರಾಗಿ ಇತ್ತು. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸವಿತ್ತು, ದೊಡ್ಡಮ್ಮನ ಮನೆಯಲ್ಲಿ ಬೀದಿ ಕಡೆಯ ಕೋಣೆಯಿತ್ತು, ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಬಾಯಲ್ಲಿ ಎಲ್ಲ ಹಲ್ಲುಗಳೂ ಇದ್ದವು. ಆದರೆ ಮೇ ತಿಂಗಳ ಮೊದಲ ತರಗತಿಯಲ್ಲಿ, ಕಂಬ ಹಿಡಿದು ಕಾಲೆತ್ತು ಎಂದಾಗ, ಅವಳು ಕಾಲೆತ್ತುವ ಮೊದಲೇ ನೆಲದ ಮೇಲೆ ಕೂತಿದ್ದಳು.

ಕಲಿಸುವವಳ ಹೆಸರು ಇರುಪೆ. ನಲವತ್ತು ದಾಟಿದವಳು, ಉತ್ತರದ ಚಾಕೊ ಸೀಮೆಯವಳು, ನಗುವುದು ಕಡಿಮೆ. ರೊಸಾರಿಯೋ ನಗರದ ದಕ್ಷಿಣದ ಬದಿಯಲ್ಲಿ ಒಂದು ಟೈರ್ ಅಂಗಡಿಯ ಮಹಡಿಯ ಮೇಲೆ ಅವಳ ಪೋಲ್ ಡಾನ್ಸ್ ಶಾಲೆ. ಮೆಟ್ಟಿಲು ಹತ್ತುವಾಗಲೇ ಮೂಗಿಗೆ ರಬ್ಬರ್ ವಾಸನೆ ಬಡಿಯುತ್ತದೆ.

"ಎರಡು ತಿಂಗಳು ಡಾನ್ಸ್ ಅನ್ನೋ ಮಾತೇ ಮರ್ತುಬಿಡು," ಎಂದಳು ಇರುಪೆ. "ಮೊದ್ಲು ನೇತಾಡೋದು ಕಲಿ. ಭುಜ ಕಿವಿ ಹತ್ರ ಬರಬಾರ್ದು, ಕೆಳಗೆ ಎಳ್ಕೋ. ಈಗ ನೋಡು, ಒಣಗಕ್ಕೆ ಹಾಕಿದ ಬಟ್ಟೆ ಥರ ಇದೀಯ."

"ಬಟ್ಟೆಗಾದ್ರೆ ಕ್ಲಿಪ್ ಇರತ್ತೆ," ಎಂದಳು ಸೆಲ್ವಾ.

"ಬಾಯಿ ಗಟ್ಟಿ ಇದೆ. ತೋಳೂ ಅಷ್ಟೇ ಗಟ್ಟಿ ಮಾಡ್ಕೋ."

ಶಾಲೆಯಲ್ಲಿ ನಿಯಮಗಳು ಕೆಲವೇ. ತರಗತಿಯ ದಿನ ಮೈಗೆ ಕ್ರೀಮ್ ಹಚ್ಚಬಾರದು, ಹಿಂದಿನ ರಾತ್ರಿಯೂ ಹಚ್ಚಬಾರದು. ಉಂಗುರ ತೆಗೆಯಬೇಕು. ಕಂಬದಿಂದ ಇಳಿದವರು ಸ್ಪಿರಿಟ್ ಬಟ್ಟೆಯಿಂದ ಅದನ್ನು ಒರೆಸಬೇಕು, ಹತ್ತುವವರು ಮತ್ತೆ ಒರೆಸಬೇಕು. ಮುಂಚಿನವಳು ಒರೆಸಿದ್ದನ್ನು ಕಣ್ಣಾರೆ ಕಂಡಿದ್ದರೂ ಸರಿ. "ಒರೆಸಿದ್ದಾಳೆ ಅಂತ ನಂಬಿಕೆ ಇದ್ಯಲ್ಲ, ಆ ನಂಬಿಕೆ ಮೇಲೆ ಹತ್ತಕ್ಕಾಗಲ್ಲ," ಎಂದು ಇರುಪೆ ಪ್ರತಿಯೊಬ್ಬ ಹೊಸಬಳಿಗೂ ಹೇಳುತ್ತಿದ್ದಳು.

ಸೆಲ್ವಾ ನೇತಾಡಿದಳು. ಬಾಗಿಲ ಚೌಕಟ್ಟಿಗೆ ಸರಳು ಸಿಕ್ಕಿಸಿ ಮನೆಯಲ್ಲೂ ನೇತಾಡಿದಳು. ಅಡುಗೆಮನೆಯ ಕಟ್ಟೆಗೆ ಕೈಯೂರಿ ಮೈ ಇಳಿಸಿ ಏರಿಸಿದಳು. ಬೆನ್ನ ಮೇಲೆ ಮಲಗಿ, ಕಾಲು ತಲೆ ಎರಡನ್ನೂ ನೆಲದಿಂದ ಎತ್ತಿ, ಹೊಟ್ಟೆ ನಡುಗುವವರೆಗೆ ಹಾಗೇ ಇದ್ದಳು. ಅಲ್ಲಿನ ಚಳಿಗಾಲವಾದ ಜುಲೈನಲ್ಲಿ ಶಾಲೆಯ ಕಂಬಗಳು ಮಂಜುಗಡ್ಡೆಯಂತಾಗಿ ಚರ್ಮ ಹಿಡಿಯುತ್ತಲೇ ಇರಲಿಲ್ಲ. ಹೀಟರ್ ಹತ್ತಿರ ಕಾಲು ಕಾಯಿಸಿಕೊಂಡು ಓಡಿಬಂದು ಹತ್ತಬೇಕಿತ್ತು. ತೊಡೆಯ ಒಳಭಾಗ, ಪಾದದ ಮೇಲ್ಭಾಗ ಎಲ್ಲ ನೀಲಿಗಟ್ಟಿದವು.

ಆ ನೀಲಿ ಗುರುತುಗಳನ್ನು ಮೊದಲು ನೋಡಿದವಳು ದೊಡ್ಡಮ್ಮ ಎಲ್ಬಾ. ಸೆಲ್ವಾಳ ತಾಯಿಯ ಅಕ್ಕ. ಪೇಟೆಯ ದೊಡ್ಡ ಬ್ಯಾಂಕೊಂದರಲ್ಲಿ ಜೀವಮಾನವೆಲ್ಲ ನೆಲ ಒರೆಸಿ, ಬಾಗಿಲ ಹಿತ್ತಾಳೆ ಉಜ್ಜಿ, ಈಗ ಪಿಂಚಣಿಯಲ್ಲಿದ್ದಳು. ಬ್ಯಾಂಕ್ ಬಿಟ್ಟರೂ ಉಜ್ಜುವುದು ಬಿಟ್ಟಿರಲಿಲ್ಲ. ಪ್ರತಿ ಶನಿವಾರ ಬೀದಿ ಬಾಗಿಲ ಹಿಡಿ, ಬಡಿಯುವ ಬಳೆ, ಕಾಗದ ಹಾಕುವ ಕಿಂಡಿ, ಎಲ್ಲವನ್ನೂ ಬೆಳಗುತ್ತಿದ್ದಳು. ಆ ಬೀದಿಯಲ್ಲಿ ಮುಖ ನೋಡಿಕೊಳ್ಳಬಹುದಾದ ಬಾಗಿಲು ಅದೊಂದೇ.

"ಯಾರು ಹೊಡೆದದ್ದು?" ಎಂದು ಕೇಳಿದಳು.

"ಯಾರೂ ಇಲ್ಲ. ಕಂಬ."

"ಯಾವ ಕಂಬ?"

ಸೆಲ್ವಾ ಹೇಳಿದಳು. ಎಲ್ಬಾ ಸೋರೆಬುರುಡೆಯಿಂದ ಮಾಟೆ ಎಲೆಯ ಕಷಾಯ ಹೀರುವುದನ್ನು ನಿಲ್ಲಿಸಿದಳು.

"ಹಳೇ ಸ್ಟೇಷನ್ ಹಿಂದಿನ ಬಾರ್‌ಗಳಲ್ಲಿ ಕಂಬ ಹಿಡ್ಕೊಂಡು ಕುಣಿಯೋರು. ನಮ್ಮಪ್ಪ ಆ ಬೀದಿ ಹೆಸರು ಹೇಳಿದ್ರೂ ಕೆನ್ನೆಗೆ ಬಾರಿಸ್ತಿದ್ದ."

"ಅಜ್ಜ ಅಲ್ಲಿಗೆ ಹೋಗ್ತಿದ್ದ ಅಂತ ಅಮ್ಮ ಹೇಳ್ತಿದ್ಲು."

"ಹೋಗ್ತಿದ್ದ. ಅದಕ್ಕೇ ಹೊಡೀತಿದ್ದ." ಎಲ್ಬಾ ಸೋರೆಬುರುಡೆಗೆ ಮತ್ತೆ ಬಿಸಿನೀರು ಹಾಕಿದಳು. "ಇಷ್ಟು ಒಣಗಿದ ಕಡ್ಡಿ ನೀನು. ಕಡ್ಡಿ ಹೋಗಿ ಕಂಬ ಹತ್ತತ್ತಂತೆ."

ಅಂದಿನಿಂದ ಎಲ್ಬಾ ಅವಳನ್ನು ಕಡ್ಡಿ ಎಂದೇ ಕರೆದಳು. ಆದರೆ ನೆಲದ ಬಟ್ಟೆಗಳನ್ನು ಹಿಂಡುವ ಕೆಲಸವನ್ನು ಅವಳಿಗೇ ಬಿಟ್ಟಳು. "ಮುಂಗೈ ಬಲ ಬೇಕು ಅಂತೀಯಲ್ಲ, ಹಿಂಡು. ಒಂದು ಹನಿ ಉಳೀಬಾರ್ದು." ದಪ್ಪ ಬಟ್ಟೆ ತಿರುಚಿ ತಿರುಚಿ ಸೆಲ್ವಾಳ ಮುಂಗೈ ನಿಜವಾಗಿಯೂ ಗಟ್ಟಿಯಾಯಿತು.

ಆಗಸ್ಟ್ ಕೊನೆಯಲ್ಲಿ ಇರುಪೆ ವರ್ಷಾಂತ್ಯದ ಪ್ರದರ್ಶನದ ಮಾತೆತ್ತಿದಳು. ಡಿಸೆಂಬರ್‌ನಲ್ಲಿ ಪಕ್ಕದ ಕ್ಲಬ್ಬಿನ ಸಭಾಂಗಣದಲ್ಲಿ ಅದು ನಡೆಯುತ್ತದೆ. ಮನೆಯವರು ಬರುತ್ತಾರೆ, ಮಾಂಸದ ಕಡುಬಿನಂಥ ಎಂಪನಾಡ ಮಾರುತ್ತಾರೆ, ಪ್ರತಿ ವಿದ್ಯಾರ್ಥಿನಿಗೂ ಒಂದು ಹಾಡಿನಷ್ಟು ಹೊತ್ತು. ಹೊಸಬರಲ್ಲಿ ಒಬ್ಬಳಿಗೆ ಮಾತ್ರ ಎತ್ತರದ ಕಂಬ.

"ನವೆಂಬರ್ ಕೊನೇ ಭಾನುವಾರ ನೋಡ್ತೀನಿ," ಎಂದಳು ಇರುಪೆ. "ತುದಿವರೆಗೆ ಹತ್ತಬೇಕು, ಅಲ್ಲಿ ತಲೆಕೆಳಗಾಗಬೇಕು, ನಿಧಾನವಾಗಿ ಇಳೀಬೇಕು. ಎಗರಿ ಕಾಲು ಮೇಲೆ ಹಾಕಿದ್ರೆ ಲೆಕ್ಕಕ್ಕಿಲ್ಲ. ಬಲದ ಮೇಲೆ ಎತ್ತಬೇಕು."

ಸೆಲ್ವಾಳಿಗೆ ಆ ಎತ್ತರದ ಕಂಬ ಬೇಕಿತ್ತು. ಇದುವರೆಗೆ ಯಾರೂ ಅವಳಿಗಾಗಿ ಚಪ್ಪಾಳೆ ಹೊಡೆದಿರಲಿಲ್ಲ. ಅದೇನು ದೊಡ್ಡ ದುಃಖವಲ್ಲ, ಕನ್ನಡಕ ಮಾರುವವರಿಗೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಆದರೂ ಬೇಕಿತ್ತು. ವಾರಕ್ಕೆ ಎರಡು ತರಗತಿಯಲ್ಲಿ ಅದು ಆಗುವ ಮಾತಾಗಿರಲಿಲ್ಲ. ಮನೆಯಲ್ಲೊಂದು ಕಂಬ ಬೇಕಾಯಿತು.

ಕಂಬ ಆರಿಸುವುದನ್ನು ಅವಳು ಅವಸರದಲ್ಲಿ ಮಾಡಲಿಲ್ಲ. ಹೊಳೆಯುವ ಕ್ರೋಮ್ ಕಂಬಗಳು ಎಲ್ಲ ಕಡೆ ಸಿಗುತ್ತಿದ್ದವು, ಕಡಿಮೆ ಬೆಲೆಗೂ ಸಿಗುತ್ತಿದ್ದವು. ಆದರೆ ರೊಸಾರಿಯೋದಲ್ಲಿ ನದಿಯ ತೇವ ಅಕ್ಟೋಬರ್‌ನಿಂದಲೇ ಗೋಡೆಗೆ ಅಂಟುತ್ತದೆ. ಸೆಲ್ವಾಳ ಅಂಗೈ ಮೊದಲೇ ಬೆವರುವಂಥದ್ದು. "ನಿನಗೆ ಹಿತ್ತಾಳೆ," ಎಂದಳು ಇರುಪೆ. "ಬೆವರು ಕೈಗೆ ಹಿತ್ತಾಳೆ ಚೆನ್ನಾಗಿ ಹಿಡಿಯತ್ತೆ. ದಪ್ಪದ್ದು ಬೇಡ, ಬೆರಳು ಗಿಡ್ಡ. ಹೆಬ್ಬೆರಳು ಮಧ್ಯದ ಬೆರಳಿಗೆ ತಾಗೋ ಹಾಗಿರ್ಲಿ. ತಿರುಗೋ ಕಂಬ ತಗೊಂಡ್ರೂ ತಿರುಗದ ಹಾಗೆ ಬಿಗಿದಿಡು. ಸುತ್ತು ಆಮೇಲೆ ಕಲಿಯೋಣ."

ಬ್ರಿಸಾ ಎಂಬ ಹಳೆಯ ವಿದ್ಯಾರ್ಥಿನಿ ಬಸುರಿಯಾಗಿ ತನ್ನ ಕಂಬ ಮಾರುತ್ತಿದ್ದಳು. ಸೆಲ್ವಾ ಹೋಗಿ ನೋಡಿದಳು. ತುಂಡುಗಳನ್ನು ಬಿಚ್ಚಿ ಜೋಡಣೆಯ ಒಳಗೆ ತುಕ್ಕು ಹಿಡಿದಿದೆಯೇ ಎಂದು ಬೆರಳಾಡಿಸಿದಳು. ಸೊಟ್ಟಗಾಗಿದೆಯೇ ಎಂದು ನೆಲದ ಮೇಲೆ ಉರುಳಿಸಿದಳು.

"ಅಷ್ಟು ನೋಡಿ ನಾನು ಗಂಡನನ್ನೂ ಆರಿಸಿರಲಿಲ್ಲ," ಎಂದಳು ಬ್ರಿಸಾ.

"ಗಂಡನ ಮೇಲೆ ತಲೆಕೆಳಗಾಗಿ ನೇತಾಡಲ್ವಲ್ಲ."

"ಅದೂ ಆಗಿದೆ," ಎಂದು ಬ್ರಿಸಾ ಹೊಟ್ಟೆ ತೋರಿಸಿದಳು.

ಕಂಬ ಮನೆಗೆ ಬಂತು. ನೆಲಕ್ಕೂ ಚಾವಣಿಗೂ ನಡುವೆ ತಿರುಪಿನಿಂದ ಬಿಗಿದು ನಿಲ್ಲಿಸುವಂಥದ್ದು. ಎಲ್ಬಾಳದು ಹಳೆಯ ಮನೆ. ಚಾವಣಿಯಲ್ಲಿ ಕಬ್ಬಿಣದ ತೊಲೆಗಳು, ತೊಲೆಗಳ ನಡುವೆ ಇಟ್ಟಿಗೆಯ ಸಣ್ಣ ಕಮಾನುಗಳು, ಎಲ್ಲದರ ಮೇಲೂ ಗಾರೆ ಮತ್ತು ಸುಣ್ಣ. ಕಮಾನಿಗೆ ಒತ್ತಿ ನಿಲ್ಲಿಸಿದರೆ ಇಟ್ಟಿಗೆ ಕಳಚುತ್ತದೆ, ತೊಲೆಗೇ ಒತ್ತಬೇಕು. ಇರುಪೆ ತಾನೇ ಬಂದು, ಏಣಿ ಹತ್ತಿ, ಆಯಸ್ಕಾಂತ ಹಿಡಿದು ತೊಲೆ ಹುಡುಕಿದಳು. ಎಲ್ಬಾ ಕೆಳಗೆ ನಿಂತು ಏಣಿ ಹಿಡಿದಿದ್ದಳು.

"ಚಾವಣಿ ಬಿದ್ರೆ ಯಾರು ಕಟ್ಟಿಸೋದು?" ಎಂದಳು.

"ತೊಲೆ ಬಿದ್ರೆ ಮನೇನೇ ಬಿದ್ದ ಹಾಗೆ, ದೋನ್ಯಾ ಎಲ್ಬಾ. ಆಗ ಕಂಬದ ಯೋಚನೆ ಯಾರೂ ಮಾಡಲ್ಲ."

"ನಿಮಗೆ ಇದೇ ಕೆಲಸ ಮಾಡ್ಕೊಂಡೇ ವಯಸ್ಸಾಯ್ತಾ?"

"ಇನ್ನೂ ಪೂರ್ತಿ ಆಗಿಲ್ಲ."

ಎಲ್ಬಾ ಅವಳಿಗೆ ಮಾಟೆ ಕೊಟ್ಟಳು, ನಿಧಾನವಾಗಿ ಇಬ್ಬರೂ ಒಂದೇ ಬುರುಡೆಯಿಂದ ಸರದಿಯಲ್ಲಿ ಹೀರಿದರು. ಹೊರಡುವಾಗ ಇರುಪೆ ಸೆಲ್ವಾಳಿಗೆ ಹೇಳಿದಳು: "ಕೆಳಗೆ ದಪ್ಪ ಮ್ಯಾಟ್ ಹಾಕ್ಕೋ. ಕಂಬಕ್ಕಿಂತ ಮೊದ್ಲು ಅದನ್ನೇ ತಗೋಬೇಕಿತ್ತು."

"ಮುಂದಿನ ತಿಂಗಳು," ಎಂದಳು ಸೆಲ್ವಾ. ಅಲ್ಲಿಯವರೆಗೆ ತನ್ನ ಹಾಸಿಗೆಯನ್ನೇ ಎಳೆದು ಹಾಕಿಕೊಳ್ಳುವುದೆಂದು ನಿಶ್ಚಯಿಸಿದಳು. ಮೊದಮೊದಲು ಹಾಕಿಕೊಂಡಳು. ಆಮೇಲೆ ಬೀಳುವುದು ನಿಂತಿತು, ಹಾಸಿಗೆ ಎಳೆಯುವುದೂ ನಿಂತಿತು.

ಸೆಪ್ಟೆಂಬರ್‌ನಲ್ಲಿ ಒಂದು ಎಳೆತ ಮೇಲೇರಿದಳು. ಮೊದಲು ಪಾದ ಕಂಬಕ್ಕೆ ಕೊಕ್ಕೆ ಹಾಕುವುದು, ಮೊಣಕಾಲಿನಿಂದ ಹಿಚುಕುವುದು, ಎದ್ದು ನಿಲ್ಲುವುದು, ಕೈ ಮೇಲೆ ಸರಿಸುವುದು. ಅಕ್ಟೋಬರ್‌ನಲ್ಲಿ ತೊಲೆಯ ಕೆಳಗಿನ ಸುಣ್ಣ ಮುಟ್ಟಿದಳು. ನವೆಂಬರ್‌ನಲ್ಲಿ ಎಗರದೆ, ಹೊಟ್ಟೆಯ ಬಲದ ಮೇಲೆ ಸೊಂಟ ಎತ್ತಿ, ಕಾಲುಗಳನ್ನು ಕಂಬದ ಎರಡೂ ಬದಿಗೆ ಚಾಚಿ, ತಲೆಕೆಳಗಾದಳು. ಎಲ್ಬಾ ಬಟಾಣಿ ಸುಲಿಯುವ ನೆಪದಲ್ಲಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು.

"ರಕ್ತ ಎಲ್ಲ ತಲೆಗಿಳೀತಿದೆ," ಎಂದಳು ಒಮ್ಮೆ.

"ಇಳೀಲಿ."

"ಕೆಂಪಗಾದ್ರೆ ಥೇಟ್ ನಿಮ್ಮಮ್ಮ." ಇನ್ನೊಂದು ಬಟಾಣಿ ಸುಲಿದು, "ಆ ಪ್ರದರ್ಶನಕ್ಕೆ ಏನು ಹಾಕ್ಕೊಂಡು ಬರಬೇಕು? ನಾನು."

"ನೀನು ಬರ್ತೀಯಾ?"

"ಎಂಪನಾಡ ಇರತ್ತೆ ಅಂದ್ಯಲ್ಲ."

ಪರೀಕ್ಷೆಯ ಹಿಂದಿನ ದಿನ ಶನಿವಾರ. ಸೆಲ್ವಾ ಮಧ್ಯಾಹ್ನದವರೆಗೆ ಅಂಗಡಿಯಲ್ಲಿದ್ದಳು. ಎಲ್ಬಾ ಎಂದಿನಂತೆ ಬಾಗಿಲ ಹಿಡಿ, ಬಳೆ, ಕಿಂಡಿ ಉಜ್ಜಿದಳು. ಡಬ್ಬಿಯಲ್ಲಿ ಇನ್ನೂ ಉಜ್ಜುವ ದ್ರವವಿತ್ತು. ಬೀದಿ ಕಡೆಯ ಕೋಣೆಗೆ ಹೋಗಿ ಕಂಬವನ್ನು ನೋಡಿದಳು. ಬೆರಳ ಗುರುತು, ಬೆವರಿನ ಹಸಿರು ಕಲೆ. ಈ ಮನೆಯಲ್ಲಿ ಇಷ್ಟು ಕೊಳಕಾದ ಹಿತ್ತಾಳೆ ಬೇರೊಂದಿರಲಿಲ್ಲ. ಕೆಳಗಿನಿಂದ ಶುರುಮಾಡಿ, ಸ್ಟೂಲ್ ಹತ್ತಿ ಕೈ ಎಟುಕುವವರೆಗೂ ಉಜ್ಜಿದಳು. ಬ್ಯಾಂಕಿನಲ್ಲಿ ಕಲಿತ ಹಾಗೆ, ಹೊಳಪು ಉಳಿಯಲೆಂದು ಮೇಜು ಕುರ್ಚಿಗೆ ಹಾಕುವ ಮೇಣವನ್ನು ಕೊನೆಗೆ ತುದಿಯವರೆಗೂ ಸಿಂಪಡಿಸಿದಳು. ಕೈಗೆಟುಕುವ ಭಾಗವನ್ನು ಒಣಬಟ್ಟೆಯಿಂದ ಚೆನ್ನಾಗಿ ತಿಕ್ಕಿದಳು. ಮೇಲಿನ ಭಾಗಕ್ಕೆ ತೋಳು ಸಾಲಲಿಲ್ಲ, ಮೇಣ ಅಲ್ಲೇ ಉಳಿಯಿತು.

ಸೆಲ್ವಾ ಬಂದಾಗ ಕಂಬದ ಮೇಲೆ ಕಿಟಕಿಯ ಬೆಳಕು ಉದ್ದಕ್ಕೂ ಇಳಿದಿತ್ತು.

"ಏನಿದು?"

"ನಾಳೆ ನಿನ್ನ ಪರೀಕ್ಷೆ ಅಲ್ವಾ," ಎಂದಳು ಎಲ್ಬಾ. ಅವಳ ಉಗುರುಗಳು ಕಪ್ಪಾಗಿದ್ದವು. "ಇಷ್ಟು ದಿನ ಕೊಳಕು ಹಿಡ್ಕೊಂಡು ಹತ್ತಿದೀಯ. ಇವತ್ತು ಒಂದ್ಸಲ ಕ್ಲೀನಾಗಿರೋದನ್ನ ಹತ್ತು, ನೋಡ್ತೀನಿ."

ಸೆಲ್ವಾ ಬಟ್ಟೆ ಬದಲಿಸಿ ಬಂದಳು. ಸ್ಪಿರಿಟ್ ಬಾಟಲಿಯೂ ಬಟ್ಟೆಯೂ ಕಿಟಕಿಯ ಬಳಿ ಇದ್ದವು. ಬಟ್ಟೆ ಕೈಗೆತ್ತಿಕೊಂಡಳು. ಎಲ್ಬಾ ಕುರ್ಚಿ ಎಳೆದುಕೊಂಡು ಕೂತಿದ್ದಳು, ಇವತ್ತು ಬಟಾಣಿ ಇರಲಿಲ್ಲ, ಕೈ ಮಡಿಲಲ್ಲಿತ್ತು. ಇಡೀ ಬೆಳಿಗ್ಗೆ ಉಜ್ಜಿದವಳ ಎದುರಿಗೇ ಅದನ್ನು ಮತ್ತೆ ಒರೆಸಿದರೆ ಏನೆಂದುಕೊಂಡಾಳು ಎಂದು ಸೆಲ್ವಾಳಿಗೆ ಅನಿಸಿತು. ಬಟ್ಟೆಯನ್ನು ಇಟ್ಟಲ್ಲೇ ಇಟ್ಟಳು.

ಕೆಳಗೆ ಹಿಡಿತ ಸ್ವಲ್ಪ ಜಾರಿದಂತಾಯಿತು. ಬೆವರೆಂದುಕೊಂಡು ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡಳು. ಒಂದು ಎಳೆತ, ಎರಡು, ಮೂರು. ಮೇಲೆ ಹೋಗಿ ಉಸಿರು ಬಿಟ್ಟು ಸೊಂಟ ಎತ್ತಿದಳು. ತೊಡೆ ಮೇಣದ ಮೇಲೆ ಬಿತ್ತು. ತೊಡೆ ನಿಲ್ಲಲಿಲ್ಲ, ಕೈಯೂ ನಿಲ್ಲಲಿಲ್ಲ. ತಲೆ ಕೆಳಗಾಗಿಯೇ ಇಳಿದಳು. ಎಡಗೈ ಮುಂದೆ ಚಾಚಿದ್ದರಿಂದ ಕುತ್ತಿಗೆ ಉಳಿಯಿತು. ಮಣಿಕಟ್ಟು ಮುರಿದ ಸದ್ದು ಎಲ್ಬಾಳಿಗೆ ಕುರ್ಚಿಯವರೆಗೂ ಕೇಳಿಸಿತು.

ಆಸ್ಪತ್ರೆಯಿಂದ ಬರುವಾಗ ಕತ್ತಲಾಗಿತ್ತು. ಎಡಗೈಗೆ ಮೊಣಕೈವರೆಗೆ ಪ್ಲಾಸ್ಟರ್ ಪಟ್ಟಿ. ಮರುದಿನ ಇರುಪೆ ಬಂದಳು. ಏನೂ ಕೇಳದೆ ಕೋಣೆಗೆ ಹೋಗಿ ಕಂಬದ ಮೇಲೆ ಬೆರಳೆಳೆದು ಮೂಸಿ ನೋಡಿದಳು. ಮೇಣದ ನಿಂಬೆಹಣ್ಣಿನ ವಾಸನೆ.

"ಯಾಕೆ ಒರೆಸ್ಲಿಲ್ಲ?" ಎಂದು ಮೆಲ್ಲಗೆ ಕೇಳಿದಳು.

"ದೊಡ್ಡಮ್ಮ ಆಗಷ್ಟೇ ಉಜ್ಜಿದ್ಲು. ಎದುರಿಗೇ ಕೂತಿದ್ಲು."

ಇರುಪೆ ತಲೆಯಾಡಿಸಿದಳು. ಬೈಯಲಿಲ್ಲ. "ಎತ್ತರದ ಕಂಬ ಬೇರೆಯವಳಿಗೆ ಕೊಡ್ತೀನಿ," ಎಂದಳು.

"ಕೊಡು."

ಅವಳು ಹೋದ ಮೇಲೆ ಎಲ್ಬಾ ಸೂಪು ತಂದಳು. ಮುಂದಿನ ಹಲ್ಲು ಮುರಿದು ತುಟಿ ಊದಿದ್ದರಿಂದ ಸೆಲ್ವಾ ಅಗಿಯುವಂತಿರಲಿಲ್ಲ.

"ನಾನು ಉಜ್ಜಿದ್ರಿಂದಾನಾ?"

"ಹೌದು," ಎಂದಳು ಸೆಲ್ವಾ. "ಮೇಣದಿಂದ. ಮತ್ತೆ ನಾನು ಒರೆಸ್ಲಿಲ್ಲ. ಹಾಸಿಗೇನೂ ಹಾಕಿರ್ಲಿಲ್ಲ."

"ಕ್ರೀಮ್ ಹಚ್ಚಬಾರ್ದು ಅಂತ ನೀನು ಅಂದಿದ್ದೆ. ಅದು ಮೈಗೆ ಅಂದ್ಕೊಂಡೆ."

"ಮೈಗೇ ಅಂತ ಹೇಳಿದ್ದು."

ಎಲ್ಬಾ ಸ್ಪಿರಿಟ್ ಬಾಟಲಿ ತೆಗೆದುಕೊಂಡು, ಸ್ಟೂಲ್ ಹಾಕಿಕೊಂಡು, ಕಂಬವನ್ನು ಮೇಲಿನಿಂದ ಕೆಳಕ್ಕೆ ಒರೆಸತೊಡಗಿದಳು. ಈ ಸಲ ಬಟ್ಟೆಯನ್ನು ಪೊರಕೆಯ ಕೋಲಿಗೆ ಸುತ್ತಿಕೊಂಡಿದ್ದಳು, ತುದಿಯವರೆಗೂ ಎಟುಕಿತು. ಹೊಳಪು ಮಂಕಾಯಿತು.

"ಸಾಕಾ?"

"ಇನ್ನೊಂದ್ಸಲ."

ಅವಳು ಇನ್ನೊಮ್ಮೆ ಒರೆಸಿದಳು.

ಪಟ್ಟಿ ಬಿಚ್ಚುವ ಹೊತ್ತಿಗೆ ಜನವರಿ ಬಂದಿತ್ತು. ಎಡತೋಳು ಮೇ ತಿಂಗಳಲ್ಲಿದ್ದಷ್ಟೇ ತೆಳ್ಳಗಾಗಿತ್ತು. ಹೋದದ್ದು ಇಷ್ಟು: ಒಂದು ಪ್ರದರ್ಶನ, ಮುಂದಿನ ಹಲ್ಲೊಂದರ ಅರ್ಧ, ಒಂದು ತೋಳಿನ ಬಲ, ಮತ್ತು ಅರ್ಧ ಡಬ್ಬಿ ಮೇಣ. ಮೇಣವನ್ನು ಎಲ್ಬಾ ತಾನೇ ಕಸಕ್ಕೆ ಹಾಕಿದ್ದಳು.