ಮೂಗುಬಟ್ಟೆ ಕಳಚಿದ ಗಾಡಿ

"ಹಗ್ಗ ಕೆಳಗಿಡಿಸ್ರಿ ಭಾವಾರ," ಎಂದಳು ಶಾಂಭವಿ. "ಗಾಡಿ ಮ್ಯಾಲೆ ಯಾರೂ ಕೈ ಹಾಕಬ್ಯಾಡ್ರಿ."

ಕೊಟ್ರಯ್ಯ ಇಡಿಸಲಿಲ್ಲ. ತಮ್ಮನ ಹೆಂಡತಿಯ ಮಾತು ಕೇಳುವ ರೂಢಿ ಆ ಮನೆತನದ ಯಾವ ಹಿರಿಯನಿಗೂ ಇರಲಿಲ್ಲ, ಇವನಿಗೆಲ್ಲಿಂದ ಬರಬೇಕು? ಕಂಪ್ಲಿಯ ಅವರ ರೈಸ್ ಮಿಲ್ಲಿನ ಗೇಟಿಗೆ ಟೆಂಪೋ ಅಡ್ಡ ನಿಂತಿತ್ತು. ಹಮಾಲರಿಬ್ಬರು ಶೆಡ್ಡಿನಲ್ಲಿದ್ದ ಹಳೆಯ, ಎರಡು ಸೈಲೆನ್ಸರಿನ ರಾಜದೂತ್ ಬೈಕನ್ನು ಸುತ್ತುವರಿದು, ಎಲ್ಲಿ ಕಟ್ಟಿದರೆ ಏನೂ ಮುರಿಯುವುದಿಲ್ಲ ಎಂದು ನೋಡುತ್ತಿದ್ದರು. ಕೊಳ್ಳಲು ಬಂದವನು ಸಂಡೂರಿನ ಮನೋಹರ್. ಹಂಪಿಯ ಹತ್ತಿರ ರೆಸಾರ್ಟ್ ಕಟ್ಟಿಸಿದ್ದ. ಕೆಟ್ಟವನೇನಲ್ಲ.

"ಚಿಂತಿ ಮಾಡಬ್ಯಾಡ್ರಿ ಅಮ್ಮಾರ," ಎಂದ ಆತ. "ನಮಗ ಓಡ್ಬೇಕಂತೇನಿಲ್ಲ, ನಿಂತ್ರ ಸಾಕು. ರಿಸೆಪ್ಷನ್ನಿನಾಗ ನಿಲ್ಲಿಸಿ ಮ್ಯಾಲೊಂದು ಲೈಟ್ ಬಿಟ್ರ ಮಸ್ತ್ ಕಾಣ್ತೈತಿ."

ನಿಂತರೆ ಸಾಕಂತೆ! ಶಾಂಭವಿಗೆ ಮೈಯೆಲ್ಲ ಉರಿಯಿತು. ಅವಳು ಗಂಡನ ಕಡೆ ತಿರುಗಿದಳು. ರೇವಣಸಿದ್ದ ಬೇವಿನ ಮರದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ಲಕ್ವ ಹೊಡೆದ ಮೇಲೆ ಅವನ ಬಲಗೈ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ಊಟ ಕೂತಲ್ಲಿಗೇ ಬರುತ್ತಿತ್ತು, ಟಿವಿಯನ್ನೂ ಯಾರಾದರೂ ಹಚ್ಚಿಕೊಡುತ್ತಿದ್ದರು. "ನಮ್ಮ ತಮ್ಮಗ ಏನ್ ಕಮ್ಮಿ ಮಾಡೀವಿ?" ಎಂದು ಕೊಟ್ರಯ್ಯ ಬಂದವರಿಗೆಲ್ಲ ಹೇಳುತ್ತಿದ್ದ. ಅದು ಸುಳ್ಳೂ ಅಲ್ಲ.

ನಿನ್ನೆ ಶಾಂಭವಿ ಮೆಟ್ರಿಯ ಶಾಲೆಗೆ ಪಾಠ ಮಾಡಲು ಹೋಗಿದ್ದಾಗ ಕೊಟ್ರಯ್ಯ ಗಾಡಿ ತೊಳೆಸಿ, ಕಿಕ್ ಹೊಡೆಸಿದ್ದ. ಅದು ತಾನಾಗಿಯೇ ಕಿರುಚಿ, ಕೆಮ್ಮಿ ನಿಂತಿತ್ತು. ಮತ್ತೆ ಏಳಲೇ ಇಲ್ಲ. ಆಗ ರೇವಣಸಿದ್ದನೇ ಅಂದಿದ್ದನಂತೆ, "ಅದರ ಕಾಲ ಮುಗೀತು ಬಿಡಣ್ಣ. ಶುರು ಆಗದ ಗಾಡಿ ಯಾಕ? ಒಯ್ಯಲಿ."

ಶಾಂಭವಿ ಶೆಡ್ಡಿನೊಳಗೆ ಹೋಗಿ ಸುತ್ತ ನೋಡಿದಳು. ಕಿಟಕಿಯ ಸರಳಿಗೆ ಕಪ್ಪಾದ ಬಟ್ಟೆಯೊಂದು ನೇತುಬಿದ್ದಿತ್ತು. ಅವಳದೇ ಹಳೆಯ ಹತ್ತಿ ಸೀರೆಯಿಂದ ಹರಿದ ಪಟ್ಟಿ.

"ಇದನ್ಯಾರು ಬಿಚ್ಚಿದ್ರು?"

"ಆ ಹೇಸಿ ಅರಿವಿನಾ?" ಕೊಟ್ರಯ್ಯ ಮೂಗು ಮುರಿದ. "ಏರ್ ಫಿಲ್ಟರಿಗೆ ಸುತ್ತಿತ್ತವಾ. ತೆಗೆದು ಚೈನ್ ಒರೆಸಿದ್ನಿ. ಮಂದಿ ನೋಡಾಕ ಬರ್ತಾರಂದ್ರ ಚಂದ ಕಾಣಬ್ಯಾಡೇನು?"

ಶಾಂಭವಿ ಹಣೆ ಚಚ್ಚಿಕೊಂಡಳು. ಅಲ್ಲ, ಹುಟ್ಟಿದಂದಿನಿಂದ ಮಿಲ್ಲಿನಲ್ಲಿರುವ ಮನುಷ್ಯ! ತೌಡಿನ ಧೂಳು ಎಲ್ಲಿ ಹೋಗುತ್ತದೆ, ಎಲ್ಲಿ ಕೂರುತ್ತದೆ ಎಂದು ಇವನಿಗೆ ಯಾರಾದರೂ ಹೇಳಿಕೊಡಬೇಕೆ? ಆ ಧೂಳಿಗೆ ಹೆದರಿಯೇ ರೇವಣಸಿದ್ದ ಗಾಡಿಗೆ ಮೂಗುಬಟ್ಟೆ ಕಟ್ಟಿದ್ದ. ಗಾಡಿ ಇಷ್ಟು ವರ್ಷ ಬಟ್ಟೆಯೊಳಗೇ ಉಸಿರಾಡಿತ್ತು, ಎರಡೂ ಕಾರ್ಬೋರೇಟರುಗಳ ಸೆಟ್ಟಿಂಗು ಆ ಬಟ್ಟೆಯ ಲೆಕ್ಕಕ್ಕೇ ಇತ್ತು. ಬಟ್ಟೆ ಕಿತ್ತರೆ ಗಾಳಿ ವಿಪರೀತ ನುಗ್ಗುತ್ತದೆ, ಪೆಟ್ರೋಲು ಸಾಲುವುದಿಲ್ಲ. ಕಿರುಚದೆ ಇನ್ನೇನು ಮಾಡೀತು?

"ಕೇಳಿದ್ರೇನ್ರಿ?" ಎಂದು ಗಂಡನಿಗೆ ಕೂಗಿದಳು. "ಗಾಡಿ ಕೆಟ್ಟಿಲ್ಲ. ಮೂಗುಬಟ್ಟಿ ಬಿಚ್ಚ್ಯಾರ, ಅಷ್ಟ!"

ರೇವಣಸಿದ್ದ ತಲೆ ಎತ್ತಿದ. "ಹಂಗಾರ ಮತ್ತ ಕಟ್ಟು."

"ಕಟ್ಟಾಂಗಿಲ್ಲ. ಮಿಲ್ಲಿನಾಗ ಕೊಳಿಯೋ ಗಾಡಿಗೆ ಅರಿವಿ ಬೇಕು. ಇದನ್ನ ನಾ ಹೊರಗ ಒಯ್ತೀನಿ. ಬಯಲು ಗಾಳಿಗಿ ಸೆಟ್ಟಿಂಗ್ ಮಾಡೂಣು."

"ಯಾರು ಹೊಡಿಯೋರು?" ಎಂದ ಕೊಟ್ರಯ್ಯ.

"ನಾನು."

ಹಮಾಲರು ನಕ್ಕರು. ಮದುವೆಯಾದ ಹೊಸದರಲ್ಲಿ ಅತ್ತೆಗೆ ಗೊತ್ತಾಗದ ಹಾಗೆ, ಕಾಲುವೆ ದಂಡೆಯ ಮೇಲೆ ಇದೇ ಗಾಡಿಯಲ್ಲಿ ಅವಳು ಗೇರು ಹಾಕಲು ಕಲಿತದ್ದು ಅವರಿಗೇನು ಗೊತ್ತು? ಮನೋಹರ್ ನಗಲಿಲ್ಲ. "ನಾವು ಚಾ ಕುಡಿದು ಬರ್ತೀವ್ರಿ. ಅಷ್ಟ್ರಾಗ ಶುರು ಆದ್ರ ಗಾಡಿ ನಿಮ್ದು, ಇಲ್ಲಂದ್ರ ನಮ್ದು," ಎಂದ.

ಅವರು ಹೋದ ಮೇಲೆ ಶಾಂಭವಿ ಸ್ಕ್ರೂಡ್ರೈವರ್ ತಂದು ರೇವಣಸಿದ್ದನ ಎದುರು ನಿಂತಳು. ಟ್ಯೂನಿಂಗ್ ಯಾವತ್ತೂ ಗಂಡಹೆಂಡಿರ ಕೆಲಸವೇ. ಅವನು ಸ್ಕ್ರೂ ತಿರುಗಿಸುವುದು, ಅವಳು ಗಾಡಿಯ ಹಿಂದೆ ಕೂತು ಎರಡು ಸೈಲೆನ್ಸರಿಗೂ ಒಂದೊಂದು ಅಂಗೈ ಹಿಡಿದು ಯಾವ ಕಡೆ ಹೊಗೆಯ ಹೊಡೆತ ಕಮ್ಮಿ ಎಂದು ಹೇಳುವುದು.

"ಏಳ್ರಿ. ಇವತ್ತು ಹಿಂದ ಕುಂದ್ರೋರು ನೀವು."

"ಬಲಗೈಗಿ ಏನೂ ತಿಳಿಯಂಗಿಲ್ಲಲೇ."

"ಎಡಗೈ ಯಾಕೈತಿ? ಒಮ್ಮೆ ಅತ್ತ ಹಿಡೀರಿ, ಒಮ್ಮೆ ಇತ್ತ."

"ಆಗಂಗಿಲ್ಲ ಶಾಂಭವಿ. ಒಯ್ಯಲಿ ಬಿಡು."

"ಒಯ್ಯಲಿ, ಒಯ್ಯಲಿ! ನಾಳೆ ನಿಮ್ಮನ್ನೂ ಒಯ್ತೀನಂದ್ರ ಹಗ್ಗ ಕೊಡ್ಲೇನು?" ಅವಳು ಅವನ ಎಡಗೈ ಹಿಡಿದೆಳೆದಳು. "ನನಗ ನಿಮ್ಮ ಕೂಡ ಕುಂತು ಟಿವಿ ನೋಡಿ ಸಾಕಾಗೈತ್ರಿ."

ರೇವಣಸಿದ್ದ ಕುರ್ಚಿಯ ಕೈ ಒತ್ತಿ ಎದ್ದ. ಕಾಲೆಳೆಯುತ್ತ ಬಂದು ಗಾಡಿಯ ಹಿಂದಿನ ಸ್ಟೂಲಿನ ಮೇಲೆ ಕೂತ.

ಶಾಂಭವಿ ಪ್ಲಗ್ಗು ಒರೆಸಿ ಹಾಕಿದಳು. ಎರಡೂ ಕಡೆಯ ಏರ್ ಸ್ಕ್ರೂ ಒಳಕ್ಕೆ ತಿರುಗಿಸಿ ಗಾಳಿ ಕಮ್ಮಿ ಮಾಡಿದಳು. ಭತ್ತ ನಾಟಿಗೆ ಇಳಿಯುವವರ ಹಾಗೆ ಸೀರೆಗೆ ಕಚ್ಚೆ ಬಿಗಿದು ಕಿಕ್ ಹೊಡೆದಳು. ಏಳಲಿಲ್ಲ. ಮತ್ತೆ ಹೊಡೆದಳು. ಬೆವರು ಕಣ್ಣಿಗಿಳಿಯಿತು.

"ಚೋಕ್ ಎಳಿಯೇ, ಚೋಕ್!" ಎಂದು ಹಿಂದಿನಿಂದ ಬೈದ ರೇವಣಸಿದ್ದ. ಲಕ್ವ ಹೊಡೆದ ಮೇಲೆ ಅವನು ಅವಳನ್ನು ಬೈದದ್ದು ಅದೇ ಮೊದಲು. ಶಾಂಭವಿಗೆ ಎಷ್ಟು ಸಂತೋಷವಾಯಿತೆಂದರೆ, ಮುಂದಿನ ಕಿಕ್ಕಿಗೆ ಗಾಡಿ ಎದ್ದೇಬಿಟ್ಟಿತು.

ಎದ್ದಿತು, ಆದರೆ ಕುಂಟುತ್ತಿತ್ತು. ಅವನು ಎಡಗೈಯನ್ನು ಒಂದು ಸೈಲೆನ್ಸರಿನ ಹಿಂದೆ ಹಿಡಿದ, ಬಾಗಿ ಇನ್ನೊಂದರ ಹಿಂದೆ ಹಿಡಿದ. "ಎಡದ್ದು ಹಿಂದ ಬಿದ್ದೈತಿ. ಕೇಬಲ್ ಬಿಗಿ ಮಾಡು. ಸಾಕು, ಸಾಕಂದ್ನೆಲ್ಲ! ಸ್ವಲ್ಪ ಬಿಡು." ಅವಳು ಬಿಟ್ಟಳು. "ಈಗ ರೇಸ್ ಮಾಡು." ಮಾಡಿದಳು. ಶೆಡ್ಡಿನ ತಗಡು ಗದಗುಟ್ಟಿತು. ಅವನ ಕೈ ಅತ್ತಿಂದಿತ್ತ ಓಡಾಡುತ್ತಲೇ ಇತ್ತು, ಆಮೇಲೆ ಓಡಾಡುವುದು ನಿಲ್ಲಿಸಿತು.

"ಎರಡೂ ಒಂದ ಆದವು," ಎಂದ. ಅವನ ಮುಖವೆಲ್ಲ ಹೊಗೆ, ಕಣ್ಣಲ್ಲಿ ನೀರು.

ಸದ್ದು ಕೇಳಿ ಕೊಟ್ರಯ್ಯ ಚಾ ಲೋಟ ಹಿಡಿದುಕೊಂಡೇ ಓಡಿ ಬಂದ. ಹಿಂದೆಯೇ ಮನೋಹರ್.

"ಮಸ್ತ್ ಐತ್ರಿ ಆವಾಜ್," ಎಂದ ಮನೋಹರ್, ಆಸೆ ಬಿಡದೆ.

"ನೀವು ಬಂದಿದ್ದು ನಿಂತ ಗಾಡಿಗಿ," ಎಂದಳು ಶಾಂಭವಿ. "ನಿಂತ ಗಾಡಿ ನಮ್ಮನಿಯಾಗ ಇಲ್ರಿ. ಏರ್ರಿ, ನೀವು," ಎಂದು ಗಂಡನಿಗೆ ಹೇಳಿದಳು.

"ಏನವಾ ಇದು!" ಕೊಟ್ರಯ್ಯ ಹೌಹಾರಿದ. "ಅವನ ಕೈ ಹಿಡಿಯಂಗಿಲ್ಲ. ಹಾದ್ಯಾಗ ಬಿದ್ರ?"

ಹಮಾಲನೊಬ್ಬ ಕೇಳದೆಯೇ ಬಂದು ರೇವಣಸಿದ್ದನ ಕಾಲೆತ್ತಿ ಸೀಟಿನ ಮೇಲೆ ಕೂರಿಸಿದ. ಶಾಂಭವಿ ಕಿಟಕಿಯ ಸರಳಿನಿಂದ ಆ ಸೀರೆಯ ಪಟ್ಟಿ ಎಳೆದುಕೊಂಡು ಮುಂದೆ ಹತ್ತಿದಳು. ಗಂಡನ ಬಲಗೈಯನ್ನು ತನ್ನ ಸೊಂಟದ ಸುತ್ತ ತಂದು, ಪಟ್ಟಿಯಿಂದ ಬಿಗಿಯಾಗಿ ಕಟ್ಟಿ, ಹೊಟ್ಟೆಯ ಮೇಲೆ ಗಂಟು ಹಾಕಿದಳು.

"ಎಣ್ಣಿ ನಾರ್ತೈತಲೇ," ಎಂದ ರೇವಣಸಿದ್ದ, ಅವಳ ಕಿವಿಯ ಹತ್ತಿರ.

"ನಾರಲಿ ಬಿಡ್ರಿ," ಎಂದು ಅವಳು ಗೇರು ಹಾಕಿ ಗೇಟಿನ ತನಕ ಹೋದಳು. ಅಲ್ಲಿ ನಿಂತು ಹಾರ್ನ್ ಒತ್ತಿದಳು. ಅಡ್ಡ ನಿಂತ ಟೆಂಪೋದ ಡ್ರೈವರ್ ಕೊಟ್ರಯ್ಯನ ಮುಖ ನೋಡಿದ, ಮನೋಹರನ ಮುಖ ನೋಡಿದ. ಅವಳು ಮತ್ತೊಮ್ಮೆ ಒತ್ತಿದಳು.

ಟೆಂಪೋ ಹಿಂದಕ್ಕೆ ಸರಿಯಿತು.