ಸಿಗ್ರುನ್‌ಳ ಕಂದು ಕೋಟು

ಮೇ ತಿಂಗಳಲ್ಲಿ ಈಡರ್ ಬಾತುಗಳು ಮೊಟ್ಟೆಯಿಡಲು ಕಡಲಿನಿಂದ ದಡಕ್ಕೆ ಬಂದವೆಂದರೆ, ಅವು ಬೆದರದಿರಲೆಂದು ನಮ್ಮ ದ್ವೀಪದಲ್ಲಿ ಯಾರೂ ಅಂಗಳದಲ್ಲಿ ಬಟ್ಟೆ ಒಣಹಾಕುವುದಿಲ್ಲ, ನಾಯಿಯನ್ನು ಹೊರಗೆ ಬಿಡುವುದಿಲ್ಲ. ಪಕ್ಕದ ಮನೆಯ ಸಿಗ್ರುನ್ ಅವುಗಳಿಗೆಂದೇ ಕಲ್ಲು, ಹಲಗೆ ಕೂಡಿಸಿ ಪುಟ್ಟ ಗೂಡುಮನೆಗಳನ್ನು ಕಟ್ಟಿ, ಒಣಗಿದ ಕಡಲಪಾಚಿ ಹಾಸಿಡುತ್ತಿದ್ದಳು. ಮರಿಯಾಗುವವರೆಗೂ ಅದೇ ಕಂದು ಕೋಟು ತೊಟ್ಟು ಅವುಗಳ ನಡುವೆ ಓಡಾಡಿ ಮೊಟ್ಟೆ ಕದಿಯಲು ಬರುವ ಕಡಲಕಾಗೆಗಳನ್ನು ಅಟ್ಟುತ್ತಿದ್ದಳು. ಬಾತುಗಳಿಗೆ ಮುಖದ ಗುರುತಿಲ್ಲ, ಆ ಕೋಟಿನದೇ ಗುರುತು.

ಆ ವರ್ಷ ಅವಳ ಮನೆಯಲ್ಲಿ ಉಳಿದುಕೊಂಡಿದ್ದ ಎಸ್ಕಿಲ್ ದಕ್ಷಿಣದ ಪಟ್ಟಣದವನು. ಹದ್ದು, ನೀರುನಾಯಿ, ಬಂಡೆ, ಬೆಳಕು ಎಲ್ಲದರ ಫೋಟೋ ತೆಗೆಯುತ್ತಿದ್ದ. ಒಳ್ಳೆಯ ಹುಡುಗ. ಯಾರೂ ಹೇಳದಿದ್ದರೂ ಸೌದೆ ಜೋಡಿಸುತ್ತಿದ್ದ, ನಮ್ಮಿಬ್ಬರ ಪಾಲಿನ ಆಲೂಗಡ್ಡೆಯನ್ನೂ ಸುಲಿದಿಡುತ್ತಿದ್ದ.

"ಅಜ್ಜಿ, ಒಂದೇ ಒಂದ್ಸಲ ಗೂಡಿನ ಹತ್ರ ಹೋಗ್ಲಾ?" ಎಂದು ಸಿಗ್ರುನ್‌ಳನ್ನು ಕೇಳಿದ.

"ಫೋಟೋ ಕಿಟಕಿಯಿಂದ ತೆಗಿ. ಕ್ಯಾಮೆರಾಗೆ ಅಷ್ಟುದ್ದದ ಕೊಳವೆ ಮತ್ಯಾಕೆ ಹೊತ್ಕೊಂಡು ಬಂದೆ?"

ಒಂದು ಸಂಜೆ ಅವನು ಬಂಡೆಯಿಂದ ಜಾರಿ ಕಡಲಿಗೆ ಬಿದ್ದು, ತುಟಿ ನೀಲಿಗಟ್ಟಿಸಿಕೊಂಡು ಬಂದ. ಸಿಗ್ರುನ್ ತಾನು ತೊಟ್ಟಿದ್ದ ಕೋಟನ್ನೇ ಬಿಚ್ಚಿ ಅವನಿಗೆ ಹೊದಿಸಿದಳು.

"ಬಾತುಗಳ ಕೋಟು ಕಣೇ ಅದು," ಅಂದೆ.

"ನಡುಗ್ತಾ ಇದಾನೆ, ಸುಮ್ನಿರೇ."

ಮರುದಿನ ಬೆಳಿಗ್ಗೆ ನಾನು ಬ್ರೆಡ್ ಕೊಡಲು ಹೋದಾಗ ಅವಳು ಕಿಟಕಿಯ ಬಳಿ ಅಲುಗಾಡದೆ ನಿಂತಿದ್ದಳು. ಹೊರಗೆ ಎಸ್ಕಿಲ್ ಅದೇ ಕೋಟು ತೊಟ್ಟು ಗೂಡಿನ ಮುಂದೆ ಬೋರಲು ಮಲಗಿದ್ದ. ಬಾತು ಹೆದರದೆ ಕೂತಿತ್ತು. ಕೂಗಿದರೆ ಎಲ್ಲವೂ ಏಳುತ್ತವೆಂದು ಸಿಗ್ರುನ್ ಕೂಗಲಿಲ್ಲ. ಗೂಡಿನೊಳಗೆ ಬೆಳಕು ಸಾಲದೆಂದೋ ಏನೋ, ಅವನು ಅದರ ಮೇಲಿನ ಹಲಗೆಯನ್ನು ಎತ್ತಿಬಿಟ್ಟ.

ಆ ಬಾತು ಹಾರಿತು, ಅದರೊಂದಿಗೆ ಉಳಿದವೂ ಎದ್ದವು. ಸಿಗ್ರುನ್ ಏಪ್ರನ್ ಬೀಸುತ್ತ ಓಡುವಷ್ಟರಲ್ಲಿ ಕಡಲಕಾಗೆಗಳು ಇಳಿದಾಗಿತ್ತು.

"ತಪ್ಪಾಯ್ತು ಅಜ್ಜಿ." ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ಮಿಕ್ಕವು ವಾಪಸ್ ಬಂದು ಕೂರ್ತವೆ ಅಲ್ವಾ?"

ಅವಳು ಅವನ ಮೈಮೇಲಿಂದ ಕೋಟು ಬಿಚ್ಚಿ ತೆಗೆದುಕೊಂಡಳು. ಮಧ್ಯಾಹ್ನದ ದೋಣಿಗೆ ಅವನು ಹೊರಟುಹೋದ.

ಕೆಲವು ಬಂದು ಕೂತವು. ಆದರೆ ಸಿಗ್ರುನ್ ಕೋಟು ತೊಟ್ಟು ಹೊರಬಂದರೆ ದೂರದಿಂದಲೇ ಏಳುತ್ತಿದ್ದವು. ಕೋಟಿಲ್ಲದಿದ್ದರೆ ಅವಳು ಯಾರೋ ಪರಕೀಯಳು. ತಾನು ಹೊರಬಂದಾಗಲೆಲ್ಲ ಮೊಟ್ಟೆ ಹೋಗುತ್ತದೆಂದು ಸಿಗ್ರುನ್ ಮನೆಯೊಳಗೇ ಉಳಿದಳು. ಅಟ್ಟುವವರಿಲ್ಲದೆ ಕಡಲಕಾಗೆಗಳು ತಮ್ಮ ಕೆಲಸ ಮುಗಿಸಿದವು. ಬಾತುಗಳು ಮರಿಗಳಿಲ್ಲದೆ ಕಡಲಿಗಿಳಿದವು.

ಮರುವರ್ಷ ಅವಳು ಬೂದು ಬಣ್ಣದ ಹೊಸ ಕೋಟು ಹೊಲಿದುಕೊಂಡು, ಗೂಡುಗಳಿಗೆಲ್ಲ ಹೊಸ ಪಾಚಿ ಹಾಸಿ ಕಾದಳು. ಒಂದೂ ಬರಲಿಲ್ಲ.

ಬಂದವನು ಎಸ್ಕಿಲ್. ಕಟ್ಟು ಹಾಕಿಸಿದ ದೊಡ್ಡ ಫೋಟೋ ತಂದಿದ್ದ. ಅದರಲ್ಲಿ ಗೂಡಿನೊಳಗಿಂದ ಬಾತು ನೆಟ್ಟಗೆ ನಮ್ಮನ್ನೇ ನೋಡುತ್ತಿತ್ತು. ಪಟ್ಟಣದಲ್ಲಿ ಬಹುಮಾನ ಬಂದಿತ್ತಂತೆ.

"ಇದು ನಿಮ್ಗೇ, ಅಜ್ಜಿ."

"ಚೆನ್ನಾಗಿದೆ," ಅಂದಳು ಸಿಗ್ರುನ್. ಚೆನ್ನಾಗಿಯೇ ಇತ್ತು. ಅವನಿಗೆ ಕಾಫಿ ಬಗ್ಗಿಸಿಕೊಟ್ಟಳು.

"ಈ ಸಲ ಇನ್ನೂ ಬಂದಿಲ್ವಾ ಅವು? ತಡ ಆಯ್ತೇನೋ."

"ಬರಲ್ಲ ಕಣೋ."

ಅವನು ತಲೆ ತಗ್ಗಿಸಿದ.

"ಗೂಡುಗಳಿದಾವಲ್ಲ, ಫೋಟೋ ತೆಗಿ ಹೋಗು," ಅಂದಳು. "ಈಗ ಎಷ್ಟು ಹತ್ರ ಹೋದ್ರೂ ನಡೆಯುತ್ತೆ."

ಅವನು ಕಾಫಿ ಮುಗಿಸಿ ಕಪ್ಪು ಕೆಳಗಿಟ್ಟ. ಹೊರಗೆ ಮೋಡ ಸರಿದು ಬಂಡೆಗಳ ಮೇಲೆ ಬಿಸಿಲು ಬಿತ್ತು. ಆ ಕಡೆ ಒಮ್ಮೆ ನೋಡಿದ, ನಮ್ಮ ಕಡೆ ಒಮ್ಮೆ ನೋಡಿದ. ಆಮೇಲೆ ಮೆಲ್ಲಗೆ ಎದ್ದು, ಕ್ಯಾಮೆರಾ ತೆಗೆದುಕೊಂಡು ಹೋದ.

ಸಿಗ್ರುನ್ ಕಿಟಕಿಯ ಪರದೆ ಎಳೆದು, ಅವನ ಕಪ್ಪು ತೊಳೆಯತೊಡಗಿದಳು.