ಮೇಕೆ ಕುಲದವನ ಮಾತು

ನಾಲ್ಕು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಗಾಗುತ್ತಲೇ ಲುವಾಂಗ್ವಾ ನದಿಯ ದಂಡೆಗೆ ಓಡಿ ಮರಳು ನೋಡುತ್ತೇನೆ. ಹರೆಯದ ಎರಡು ಗಂಡು ಸಿಂಹಗಳ ಹೆಜ್ಜೆಗಳು ಆಚೆ ದಡಕ್ಕೆ ಹೋಗಿವೆ. ವಾಪಸ್ ಬಂದ ಗುರುತಿಲ್ಲ.

ಆಚೆಯದು ಅಭಯಾರಣ್ಯ, ಈಚೆಯದು ಬೇಟೆಯ ಕಾಡು. ಲೈಸೆನ್ಸು ಹಿಡಿದು ಬರುವ ದೊರೆಗಳಿಗೆ ಯಾವ ಸಿಂಹವನ್ನು ಹೊಡೆಯಬಹುದು ಎಂದು ಹೇಳುವುದು ನನ್ನ ಕೆಲಸ. ಆರು ವರ್ಷ ದಾಟಿದ ಗಂಡಾಗಿರಬೇಕು, ಮರಿಗಳಿರುವ ಗುಂಪು ಕಾಯುವವನಾಗಿರಬಾರದು. ಇಪ್ಪತ್ತೆರಡು ವರ್ಷದಿಂದ ಈ ಮುಕೋಶಾ ಹೂಂ ಎನ್ನದೆ ಇಲ್ಲಿ ಬಂದೂಕು ಎದ್ದಿಲ್ಲ. ಆ ಜಂಬವೇ ನನ್ನನ್ನು ಹಾಳು ಮಾಡಿತು.

ಆಚೆ ದಡದ ಗಾರ್ಡ್ ಕಪೆಂಬ್ವಾ ಮೇಕೆ ಕುಲದವನು, ನಾನು ಸಿಂಹ ಕುಲದವನು. ನಮ್ಮ ಬೀಸಾ ಜನರಲ್ಲಿ ಈ ಎರಡು ಕುಲದವರು ಎದುರಾದರೆ ಬೈದಾಡಲೇಬೇಕು, ಸಿಟ್ಟು ಮಾಡಿಕೊಳ್ಳುವಂತಿಲ್ಲ. ಕಳೆದ ತಿಂಗಳು ದೋಣಿ ಇಳಿಯುತ್ತಲೇ ಅವನು ಶುರು ಮಾಡಿದ.

“ಏನೋ ಮೇಕೆಕಳ್ಳ, ಇನ್ನೂ ಬದುಕಿದ್ದೀಯಾ?”

“ನಿನ್ನಂಥ ಊಟ ಮುಂದೆ ಬಂದು ನಿಂತಿರೋವಾಗ ಸಾಯ್ಲಾ?” ಎಂದೆ.

“ನಿಮ್ಮಣ್ಣ ಇದ್ದಾನಲ್ಲ, ಕಪ್ಪು ಕೇಸರದೋನು? ನಮ್ ದಡದಲ್ಲಿ ಅವನಿಗೆ ಇಬ್ಬರು ಹೆಂಡ್ರು, ಐದು ಮಕ್ಕಳು ಕಣೋ. ನಿನ್ ಕಡೆ ತಿನ್ನೋಕೆ ಬಂದ್ರೆ ಹೊಡೆಸಿಬಿಟ್ಟೀಯ!”

“ನಮ್ಮಣ್ಣನ ಮನೆ ಸುದ್ದಿ ಮೇಕೆಗ್ಯಾಕೋ?”

ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮೇಕೆ ಕುಲದವನ ಬಾಯಿಂದ ನಿಜ ಬರುತ್ತದೆಂದು ನಮ್ಮಲ್ಲಿ ಯಾರು ನಂಬುತ್ತಾರೆ?

ಹತ್ತು ದಿನ ಕಳೆದು, ನಾವು ಆಮಿಷಕ್ಕೆಂದು ಮರಕ್ಕೆ ತೂಗುಹಾಕಿದ್ದ ಕಾಡೆಮ್ಮೆಯ ತೊಡೆಗೆ ಕಪ್ಪು ಕೇಸರದವನು ಬಂದ. ಮೂಗು ಕರ್ರಗಾಗಿತ್ತು, ಮುಖದ ತುಂಬ ಹಳೇ ಗಾಯ. ಆರು ವರ್ಷ ದಾಟಿದವನೇ. ಸುತ್ತ ಹೆಣ್ಣಿನ ಹೆಜ್ಜೆಯಿಲ್ಲ. ಈಚೆ ದಡದಲ್ಲಿ ವರ್ಷವರ್ಷವೂ ಗಂಡುಗಳನ್ನು ಹೊಡೆದು ಗುಂಪುಗಳೆಲ್ಲ ಚೆದುರಿಹೋಗಿವೆ, ಒಂಟಿ ಸಿಂಹ ನಮಗೆ ಹೊಸದಲ್ಲ. ನಾನು ಹೂಂ ಎಂದೆ. ಒಂದೇ ಗುಂಡು ಸಾಕಾಯಿತು.

ಅಪ್ಪನಿಲ್ಲದ ಗುಂಪಿಗೆ ಹೊಸ ಗಂಡು ನುಗ್ಗಿದರೆ ಮೊದಲು ಮರಿಗಳನ್ನು ಕೊಲ್ಲುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಮರಳಿನಲ್ಲಿ ಆ ಹೆಜ್ಜೆಗಳನ್ನು ಕಂಡಾಗಿನಿಂದ ಕಪೆಂಬ್ವಾನ ಮಾತು ತಲೆ ಕೊರೆಯುತ್ತಿದೆ. ಅದು ಬರೀ ತಮಾಷೆಯಾಗಿರಲಿ ದೇವರೇ ಎಂದು ಬೇಡಿಕೊಳ್ಳುತ್ತೇನೆ.

ಇವತ್ತು ದೋಣಿ ಬಂತು. ನಾನೇ ಮೊದಲು ಕೂಗಿದೆ.

“ಬಾರೋ ನನ್ ಊಟ!”

ಕಪೆಂಬ್ವಾ ನಿಧಾನವಾಗಿ ದೋಣಿ ಕಟ್ಟಿದ. ಟೋಪಿ ತೆಗೆದ.

“ನಮಸ್ಕಾರ, ಮುಕೋಶಾ ಅವರೇ.”

ನಾನು ದೋಣಿಯ ಅಂಚು ಹಿಡಿದೆ.

“ಬೈಯೋ,” ಎಂದೆ. “ಮೇಕೆಕಳ್ಳ ಅನ್ನೋ. ಏನಾದ್ರೂ ಅನ್ನೋ!”

“ಐದೂ ಹೋದ್ವು. ಕೊನೇದು ನಿನ್ನೆ ಪೊದೆಯೊಳಗೆ ಸಿಕ್ತು.”

“ತಮಾಷೆ ಅಂದ್ಕೊಂಡೆ ಕಣೋ.”

“ಗೊತ್ತು. ಅದಕ್ಕೇ ಇನ್ಮೇಲೆ ನಿಮ್ಮ ಹತ್ರ ತಮಾಷೆ ಮಾಡಲ್ಲ. ನಾನು ಹೇಳಿದ್ದನ್ನ ನೀವು ನಂಬಬೇಕಲ್ಲ.”

ಟೋಪಿ ಹಾಕಿಕೊಂಡು ಅವನು ದೋಣಿ ತಳ್ಳಿದ.